ಬೇನೆಯ ಕಾಲದ ಹಣವೂ ಕೂಲಿಯವನ ಸೂರೂ

2020ನೆಯ ಇಸವಿಯ ಮಾರ್ಚ್ 25ರಂದು ಯುಗಾದಿ. ಕೊರೋನಾ ಬೇನೆಯ ದೆಸೆಯಿಂದ ದೇಶವೆಲ್ಲ ಬಾಗಿಲು ಮುಚ್ಚಿದುದೂ ಅದೇ ದಿನ. ಮಾಗಳದಲ್ಲಿ ಬೇವುಬೆಲ್ಲವನ್ನು ಹಂಚತಕ್ಕವರು ಹೊಸ್ತಿಲು ದಾಟಲಿಲ್ಲ. ಹಬ್ಬಕ್ಕೆ ಬರಬೇಕಾಗಿದ್ದ ನಮ್ಮ ಓಣಿಯ ಹುಡುಗರು ಹಲವರು ಬೆಂಗಳೂರಿನಲ್ಲಿಯೇ ಸಿಕ್ಕಿಕೊಂಡರು. ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಸೀಮೆಯವರಿಗೆ ಗುಳೆ ಹೋಗುವುದು ಹೊಸದಲ್ಲ. ಸುಗ್ಗಿ ಮುಗಿಯುವುದೇ ತಡ, ಮಲೆನಾಡಿನ ಕಾಫಿ ತೋಟಕ್ಕೋ, ಕಬ್ಬು ಕಡಿಯಲು ಮಂಡ್ಯದ ಕಡೆಗೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗಂಟು ಕಟ್ಟುವುದು ಇಲ್ಲಿಯ ವಾಡಿಕೆ.

ಮೇ ತಿಂಗಳ ಮೊದಲ ವಾರದಲ್ಲಿ ಸರಕಾರದವರು ಬಿಟ್ಟ ಪುಕ್ಕಟೆ ಬಸ್ಸಿನಲ್ಲಿ ನೆರೆಮನೆಯ ಹುಡುಗನು ಹೆಂಡತಿ ಮಕ್ಕಳೊಡನೆ ಬಂದನು. ಊರೊಳಗೆ ಬಾರದೆ ತಮ್ಮ ಹೊಲದ ಗುಡಿಸಲಿನಲ್ಲಿ ಹದಿನಾಲ್ಕು ದಿನ ಇದ್ದನು. ನಾನು ಬದುವಿನ ಮೇಲೆ ದೂರ ನಿಂತು, “ಸರಕಾರದ ರೊಕ್ಕ ಬಂತೇನಪಾ?” ಎಂದು ಕೇಳಿದೆನು. “ಎಲ್ಡು ಸಾವಿರ ಬಂತ್ರಿ ಕಾಕಾ. ಬಂದ ದಿನಾನ ಬಾಡಿಗಿಗೆ ಹೋತು,” ಎಂದನು. ವಲಸೆ ಬಂದ ಕೂಲಿಗಾರರಿಂದ ಒಂದು ತಿಂಗಳ ಬಾಡಿಗೆಯನ್ನು ಕೇಳಕೂಡದೆಂದು ಕೇಂದ್ರ ಸರಕಾರವು ಮಾರ್ಚ್ 29ರಂದೇ ಆಜ್ಞೆ ಮಾಡಿದ್ದಿತಲ್ಲವೇ ಎಂದೆನು. ಅವನು ನಕ್ಕುಬಿಟ್ಟನು. ಆ ಆಜ್ಞೆಯನ್ನು ಓದಿ ಹೇಳುವವರು ಅವನಿದ್ದ ತಗಡಿನ ಕೋಣೆಗಳ ಸಾಲಿಗೆ ಯಾರೂ ಬಂದಿರಲಿಲ್ಲ.

ಹೊಲದಲ್ಲಿದ್ದ ಆ ಸಂಸಾರವನ್ನು ನೋಡಿದಾಗ ನಮ್ಮ ಅಜ್ಜಿಯು ಹೇಳುತ್ತಿದ್ದ ಪ್ಲೇಗಿನ ಮಾತು ನೆನಪಿಗೆ ಬಂದಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದಿತಂತೆ. ಹಳ್ಳಿಯವನಿಗೆ ಬೇನೆ ಬಂದರೆ ಓಡಲು ಒಂದು ಹೊಲವುಂಟು. ಪಟ್ಟಣದ ಕೂಲಿಯವನು ಎಲ್ಲಿಗೆ ಓಡಬೇಕು?

ಬೆಂಗಳೂರು ಈ ಪ್ರಶ್ನೆಯನ್ನು ಹಿಂದೆಯೇ ಒಮ್ಮೆ ಎದುರಿಸಿದ್ದಿತು. 1898ನೆಯ ಆಗಸ್ಟಿನಲ್ಲಿ ಪ್ಲೇಗು ರೈಲಿನ ದಾರಿಯಿಂದ ಆ ನಗರಕ್ಕೆ ಬಂದಿತು. ವಿ. ಪಿ. ಮಾಧವರಾಯರು ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರಾಗಿದ್ದರು. ಪೇಟೆಯ ಇಕ್ಕಟ್ಟೇ ಬೇನೆಯ ತವರೆಂದು ತಿಳಿದು, ಊರ ಹೊರಗೆ ತಾತ್ಕಾಲಿಕ ಬಿಡಾರಗಳನ್ನು ಹಾಕಿದರು; ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಗಾಳಿಬೆಳಕುಗಳಿಂದ ಬೆಳೆದವು. ದಂಡಿನ ಭಾಗದಲ್ಲಿ ಮುಂದೆ ಫ್ರೇಜರ್ ಟೌನು ಎದ್ದಿತು. ಇವು ಒಳ್ಳೆಯ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿವೇಶನವನ್ನು ಪಡೆದು ಮನೆ ಕಟ್ಟಿಸತಕ್ಕ ಶಕ್ತಿಯುಳ್ಳವನಿಗೆ ಮಾತ್ರವೇ ಬಡಾವಣೆ ಒದಗಿತು. ಬಡಾವಣೆಗಳು ಇಂದಿಗೂ ನೆಟ್ಟಗೆ ನಿಂತಿವೆ. ಬಿಡಾರಗಳ ಗುರುತು ನಾನು ಬೆಂಗಳೂರಿನಲ್ಲಿ ತಿರುಗಿದಷ್ಟು ಕಾಲವೂ ನನ್ನ ಕಣ್ಣಿಗೆ ಬೀಳಲಿಲ್ಲ.

2020ರಲ್ಲಿ ಹಣವು ಹೇಗೆ ಹರಿಯಿತೆಂಬುದನ್ನು ನೋಡೋಣ. ಮೇ 6ರಂದು ರಾಜ್ಯ ಸರಕಾರವು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಸಾರಿತು. ನೋಂದಾಯಿತರಾದ 15.80 ಲಕ್ಷ ಕಟ್ಟಡ ಕೆಲಸಗಾರರಿಗೆ ಮೊದಲಿನ 2,000ದ ಮೇಲೆ ಇನ್ನೂ 3,000 ರೂಪಾಯಿ. ಅದೇ ವಾರ, ಕಟ್ಟಡ ಕಟ್ಟಿಸುವವರೊಡನೆ ಮಾತುಕತೆಯಾದ ಬಳಿಕ, ಕೂಲಿಗಾರರನ್ನು ಅವರವರ ರಾಜ್ಯಕ್ಕೆ ಒಯ್ಯಬೇಕಾದ ರೈಲುಗಳು ಬೇಡವೆಂದು ಅದೇ ಸರಕಾರವು ರೈಲ್ವೆಗೆ ಬರೆಯಿತು. ಕೂಗೆದ್ದ ಮೇಲೆ ಮತ್ತೆ ರೈಲು ಬಿಡಿಸಿತು. ಕೂಲಿಯವನು ನಗರಕ್ಕೆ ಎಷ್ಟು ಬೇಕಾದವನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಷ್ಟು ಬೇಕಾದವನಿಗೆ ಇರಲು ಒಂದು ಕೋಣೆಯನ್ನು ಮಾತ್ರ ಯಾರೂ ಕಟ್ಟಿರಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಕಟ್ಟಡ ಕೆಲಸಗಾರರ 1996ನೆಯ ಇಸವಿಯ ಕಾನೂನಿನ 34ನೆಯ ಕಲಮಿನಂತೆ, ಕೆಲಸ ನಡೆಯುವಷ್ಟು ಕಾಲ ಅಡುಗೆ, ಸ್ನಾನ, ಪಾಯಖಾನೆಗಳ ಅನುಕೂಲವುಳ್ಳ ಬಿಡಾರವನ್ನು ಮಾಲೀಕನೇ ಬಾಡಿಗೆಯಿಲ್ಲದೆ ಕೊಡತಕ್ಕದ್ದಾಗಿದ್ದಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ಸು ಈ ಕೆಲಸಗಾರರ ಹೆಸರಿನಲ್ಲಿ ಕೂಡುತ್ತಲಿದೆ. ಕೇಂದ್ರದವರು 2020ರ ಜುಲೈ 8ರಂದು ವಲಸೆಗಾರರಿಗೆ ಕಡಮೆ ಬಾಡಿಗೆಯ ಮನೆಗಳ ಯೋಜನೆಯನ್ನೂ ಒಪ್ಪಿದರು. ದೇಶದ ನಗರಗಳಲ್ಲಿ ಸರಕಾರವೇ ಕಟ್ಟಿಸಿ ಖಾಲಿ ಬಿದ್ದಿದ್ದ 1.08 ಲಕ್ಷ ಮನೆಗಳನ್ನು ಅದಕ್ಕೆ ಒದಗಿಸಬೇಕೆಂದರು. ಒಂದು ಲಕ್ಷ ಮನೆ ಖಾಲಿ, ಲಕ್ಷಾಂತರ ಜನ ಬೀದಿಯಲ್ಲಿ! ಕೂಲಿಯ ಜಾಗಕ್ಕೆ ಎರಡು ಬಸ್ಸು ಬದಲಿಸಿ ಬರಬೇಕಾದ ಮನೆಯನ್ನು ಪುಕ್ಕಟೆ ಕೊಟ್ಟರೂ ಕೂಲಿಯವನು ಒಲ್ಲೆನೆನ್ನುವನು.

ಮೊದಲ ವಾರಗಳಲ್ಲಿ ಅಕ್ಕಿಯನ್ನೂ ರೊಕ್ಕವನ್ನೂ ಕೊಟ್ಟುದು ಸರಿ. ಹಸಿದವನು ಇಟ್ಟಿಗೆಯನ್ನು ತಿನ್ನಲಾರನು. ಆದರೆ ಆ ಬಳಿಕದ ಹಣವು ಗೋಡೆಯಾಗಬೇಕಾಗಿದ್ದಿತೆಂದು ನನ್ನ ಅಭಿಪ್ರಾಯ. ನಗರವು ತನ್ನ ಸ್ವಂತ ಜಾಗದಲ್ಲಿ, ಕೆಲಸ ನಡೆಯುವ ದಿಕ್ಕಿನಲ್ಲಿ, ನಲ್ಲಿ ಪಾಯಖಾನೆಗಳಿರುವ ಸಣ್ಣ ಕೋಣೆಗಳನ್ನು ಕಟ್ಟಿಸಿ, ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಿ. ಮಾರುವುದು ಬೇಡ. ಮಾರಿದರೆ 1898ರ ಕಥೆಯೇ ಆಗುವುದು, ಕೊಳ್ಳಬಲ್ಲವನ ಪಾಲಾಗುವುದು.

ನಮ್ಮ ಸಂಘದ ಗೆಳೆಯರೊಬ್ಬರು ಲೆಕ್ಕ ಹಾಕಿ ನನ್ನ ಬಾಯಿ ಮುಚ್ಚಿಸಿದರು. 15.80 ಲಕ್ಷ ಜನರಿಗೆ ತಲೆಗೆ 5,000ದಂತೆ 790 ಕೋಟಿ. ಕೋಣೆಯೊಂದಕ್ಕೆ ಐದು ಲಕ್ಷವೆಂದಿಟ್ಟುಕೊಂಡರೂ ಎದ್ದೇಳುವವು 15,800 ಕೋಣೆಗಳು. ನೂರು ಕೆಲಸಗಾರರಿಗೆ ಒಂದು. ಲೆಕ್ಕ ತಪ್ಪಿಲ್ಲ. ಆದರೆ ರೊಕ್ಕವು ಒಂದು ತಿಂಗಳಿಗೆ ತೀರಿತು; ಕೋಣೆಯಾದರೋ ನಲವತ್ತು ವರ್ಷ ನಿಲ್ಲುವುದು, ಅದರ ಬಾಡಿಗೆಯಿಂದ ಮುಂದಿನ ಕೋಣೆಗೆ ಸುಣ್ಣವಾದರೂ ಹುಟ್ಟುವುದು. ಸೆಸ್ಸು ವರುಷ ವರುಷವೂ ಬರತಕ್ಕದ್ದೇ.

ಇನ್ನೊಬ್ಬರು, ಊರಲ್ಲಿಯೇ ಮನೆ ಕಟ್ಟಿಸಿಕೊಟ್ಟು ಗುಳೆಯನ್ನು ನಿಲ್ಲಿಸಬಾರದೇಕೆ ಎಂದರು. ಮಾಗಳದಲ್ಲಿ ಅವನಿಗೆ ಮನೆಯಿದೆ, ಮಣ್ಣಿನದಾದರೂ ಮನೆಯೇ. ಇಲ್ಲದಿರುವುದು ಬೇಸಿಗೆಯ ಕೂಲಿ. ಹೊಳೆ ಊರ ಬದಿಯಲ್ಲಿಯೇ ಹರಿದರೂ ಎಲ್ಲ ಹೊಲಗಳಿಗೂ ಹತ್ತುವುದಿಲ್ಲ.

ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ ಆ ಹುಡುಗನು ಮತ್ತೆ ಹೊರಟನು. ಬಸ್ಸಿನ ಬಳಿ ಅವನ ಹೆಂಡತಿಯು ಕೊಡವನ್ನೂ ಕಟ್ಟಿಕೊಂಡಿದ್ದಳು. ಬೆಂಗಳೂರಿನಲ್ಲಿ ಕೊಡ ಸಿಗುವುದಿಲ್ಲವೇನವ್ವಾ ಎಂದು ಕೇಳಿದೆನು. “ಕೊಡ ಸಿಗತೈತ್ರಿ ಕಾಕಾ, ನಳ ಭಾಳ ದೂರ ಐತಿ. ಇದು ಹಗರೈತಿ,” ಎಂದಳು.