ಹರಕು ಬಟ್ಟೆಯ ಚೆಂದ ಯಾರದು?

ಅವ್ವ ಕಟ್ಟಿದ್ದ ಗಂಟು ಬಿಚ್ಚಿ, ಅದರೊಳಗಿನ ಕೌದಿಯನ್ನು ಹೊರಗೆ ತೆಗೆದಿಟ್ಟವರು ನಾವೇ. ಬೇರೆ ಯಾರೂ ಅಲ್ಲ. ನಾವು ಅಕ್ಕ-ತಮ್ಮ ಇಬ್ಬರೂ ಹಳ್ಳಿ ಶಾಲೆಯಲ್ಲಿ ಪಾಠ ಹೇಳುವವರು. ತಂಗಿಯ ಬಾಣಂತನಕ್ಕೆ ಅಂತ ರಜೆ ಹಾಕಿ ಅವ್ವನನ್ನು ಫಿನ್‌ಲೆಂಡಿಗೆ ಕರೆದುಕೊಂಡು ಹೊರಟಿದ್ದೆವು. ತಂಗಿ ಮತ್ತು ಅವಳ ಗಂಡ ಹೆಲ್ಸಿಂಕಿಯ ಪಕ್ಕದ ಎಸ್ಪೋದಲ್ಲಿ ಕೆಲಸಕ್ಕಿದ್ದಾರೆ. "ಅಲ್ಲಿ ಸರ್ಕಾರನ ಹುಟ್ಟೋ ಕೂಸಿಗೆ ಪೆಟ್ಟಿಗಿ ತುಂಬ ಅರಿವಿ ಕೊಡತೈತಿ, ಈ ಚಿಂದಿ ಯಾಕ ಬೇಕು?" ಅಂದೆವು. ಅಂದದ್ದು ಸುಳ್ಳಲ್ಲ. 1938ರಲ್ಲಿ ಬಡ ತಾಯಂದಿರಿಗೆ ಅಂತ ಶುರುವಾದ ಆ ಪೆಟ್ಟಿಗೆ 1949ರಿಂದ ಎಲ್ಲ ತಾಯಂದಿರಿಗೂ ಸಿಗುವಂತಾಯಿತು. ಆದರೆ ನಮ್ಮ ಹೊಟ್ಟೆಯೊಳಗಿದ್ದ ಮಾತು ಬೇರೆ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಗಂಟು ಬಿಚ್ಚಿಸಿ ಆ ಕೌದಿ ಎತ್ತಿ ಹಿಡಿದರೆ ಏನು ಗತಿ ಅನ್ನುವ ನಾಚಿಕೆ ಅದು. ಅವ್ವ ಎದುರು ಮಾತಾಡಲಿಲ್ಲ. ನಾವು ಆಚೆ ಹೋದಾಗ ಅದನ್ನು ಮತ್ತೆ ಗಂಟಿನ ತಳಕ್ಕೆ ತುರುಕಿದ್ದಳು.

ಆ ದೇಶದಲ್ಲಿ ಬೇಸಗೆ ಅಂದರೆ ಜೂನ್, ಜುಲೈ. ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. ಆಗ ಹೆಲ್ಸಿಂಕಿಯ ಜನ ಚಳಿಗಾಲವೆಲ್ಲ ತುಳಿದ ನೆಲಹಾಸುಗಳನ್ನು ಹೊತ್ತುಕೊಂಡು ಸಮುದ್ರದ ದಂಡೆಗೆ ಬರುತ್ತಾರೆ. ಅದಕ್ಕಾಗಿಯೇ ನೀರಿನಂಚಿಗೆ ಮರದ ಕಟ್ಟೆಗಳಿವೆ. ಉಜ್ಜಲಿಕ್ಕೆ ಮೇಜು, ಹಿಂಡಲಿಕ್ಕೆ ಉರುಳೆ, ಒಣಹಾಕಲಿಕ್ಕೆ ಗಳ, ಎಲ್ಲ ಸಾರ್ವಜನಿಕ. ಸಾಬೂನಿನ ನೀರು ಸಮುದ್ರ ಸೇರಬಾರದು ಅಂತ ಈಗ ಕೆಲವು ಕಡೆ ಈ ಕಟ್ಟೆಗಳನ್ನು ದಂಡೆಯ ಮೇಲಕ್ಕೆ ತಂದಿದ್ದಾರೆ. ಪೈನ್ ಮರದ ಎಣ್ಣೆಯಿಂದ ಮಾಡಿದ ಸಾಬೂನಿನ ವಾಸನೆ ದೂರಕ್ಕೇ ಬರುತ್ತದೆ.

ಅವ್ವನನ್ನು ಅಲ್ಲಿಗೆ ಗಾಳಿಗೆ ಅಂತ ಕರೆದುಕೊಂಡು ಹೋಗಿದ್ದೆವು. ಒಬ್ಬ ಮುದುಕಿ ಮೊಣಕಾಲೂರಿ ಉದ್ದನೆಯ ಹಾಸೊಂದನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಅವ್ವ ಸೀದಾ ಹೋಗಿ ಅದರ ಅಂಚನ್ನು ಎರಡು ಬೆರಳಿಂದ ಹೊಸಕಿ ನೋಡಿದಳು. "ಇದರಾಗ ಹಳೇ ಅರಿವಿ ಅದಾವ," ಅಂದಳು. ಖರೆ. ಅದನ್ನು ಅಲ್ಲಿ ರ್ಯಾಸುಮತ್ತೊ ಅನ್ನುತ್ತಾರೆ. ರ್ಯಾಸು ಅಂದರೆ ಚಿಂದಿ, ಮತ್ತೊ ಅಂದರೆ ನೆಲಹಾಸು. ಹತ್ತಿಯ ಗಟ್ಟಿ ದಾರ ಹಾಸು, ಹಳೆಯ ಬಟ್ಟೆ ಸೀಳಿದ ಪಟ್ಟಿ ಹೊಕ್ಕು. ತಂಗಿ ದುಭಾಷಿಯಾದಳು. ಈ ನೀಲಿ ಯಾವುದು ಅಂದರೆ ಅಪ್ಪ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಅಂಗಿ. ಬಿಳಿ ಹಾಸಿಗೆಯ ದುಪ್ಪಟಿ. ಹೂವಿನದು ಅಡುಗೆಮನೆಯ ಪರದೆ. ಅವ್ವ ಬಿಡಲಿಲ್ಲ, "ಈ ಕೆಂಪು ಯಾರದು ಕೇಳು" ಅಂದಳು. ಮುದುಕಿ ತಿಕ್ಕುವುದು ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಮರೆತುಹೋಗಿದೆ ಅಂತ ತಲೆಯಾಡಿಸಿದಳು. ಆಮೇಲೆ ಇನ್ನೊಂದು ಬ್ರಷ್ಷನ್ನು ಅವ್ವನ ಕೈಗೆ ಕೊಟ್ಟಳು.

ಈ ಚಿಂದಿಯ ಹಾಸು ಬಹಳ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಾರ್ಖಾನೆಯ ಹತ್ತಿ ಬಟ್ಟೆ ಅಗ್ಗವಾಗಿ ಹಳ್ಳಿಮನೆಗೂ ಬಂತು. ಹತ್ತಿ ಬೆಳೆಯದ ಚಳಿಯ ನಾಡು ಅದು. ಸ್ಕಾಟ್‌ಲೆಂಡಿನ ಜೇಮ್ಸ್ ಫಿನ್ಲೇಸನ್ 1820ರಲ್ಲಿ ತಾಂಪೆರೆ ಊರಿನಲ್ಲಿ ಹಾಕಿದ ಕಾರ್ಖಾನೆ ಮುಂದೆ ದೊಡ್ಡ ಹತ್ತಿ ಗಿರಣಿಯಾಯಿತು. ಹತ್ತಿ ಹಡಗಿನಲ್ಲಿ ಬರಬೇಕು. ಹೆಂಗಸರು, ಮಕ್ಕಳು ಗಿರಣಿಯಲ್ಲಿ ದುಡಿಯಬೇಕು. ಹಾಗೆ ದುಡಿದು ಆದ ಬಟ್ಟೆಯನ್ನು ಹರಿಯುವತನಕ ಉಟ್ಟು, ಹರಿದ ಮೇಲೆ ಸೀಳಿ, ನೇಯ್ದು ನೆಲಕ್ಕೆ ಹಾಸಿದರು. ಆ ಹಾಸಿನ ಬಣ್ಣವನ್ನು ಯಾರೂ ಕೂತು ಯೋಚಿಸಿ ಆರಿಸಿದ್ದಲ್ಲ. ಮನೆಯಲ್ಲಿ ಏನು ಹರಿಯಿತೋ ಅದೇ ಬಣ್ಣ. ಆದರೂ ಸಾಲು ಹಾಕುವಾಗ ಯಾವುದರ ಪಕ್ಕ ಯಾವುದು ಅಂತ ಆ ಹೆಂಗಸು ತೀರ್ಮಾನಿಸಿದ್ದಾಳೆ. ಅದಕ್ಕೆ ಕಲೆ ಅನ್ನಬೇಕೋ ಬೇಡವೋ ಅಂತ ಅವಳನ್ನು ಯಾರೂ ಕೇಳಲಿಲ್ಲ.

ಕಲೆ ಅನ್ನಿಸಿಕೊಂಡದ್ದನ್ನು ನೋಡಲಿಕ್ಕೆ ಮ್ಯೂಸಿಯಂ ಒಂದಕ್ಕೆ ಹೋದೆವು. ಅಲ್ಲಿ ಗೋಡೆಯ ತುಂಬ ರ್ಯುಯು. ಹಾಸಿನ ಮೇಲೆ ಉಣ್ಣೆಯ ಎಳೆಗಳನ್ನು ಸಾಲು ಸಾಲಾಗಿ ಗಂಟು ಹಾಕಿ ಜೂಲು ಬಿಟ್ಟ ದಪ್ಪನೆಯ ನೇಯ್ಗೆ ಅದು. ಅವ್ವ ಸುತ್ತ ನೋಡಿ ಕೇಳಿದಳು, "ಹೊಚ್ಚಿಕೊಳ್ಳೂದನ್ನ ಗ್ವಾಡಿಗೆ ಯಾಕ ತೂಗಬಿಟ್ಟಾರ? ಇವರ ಊರಾಗ ಚಳಿ ಹೋತೇನು?"

ಅವ್ವ ಓದಿದವಳಲ್ಲ. ಆದರೆ ರ್ಯುಯುವಿನ ಇಡೀ ಚರಿತ್ರೆ ಆ ಪ್ರಶ್ನೆಯಲ್ಲಿದೆ. ಅದು ಮೊದಲು ಹೊದಿಕೆಯೇ. ದೋಣಿಯಲ್ಲಿ ರಾತ್ರಿ ಕಳೆಯುವ ಮೀನುಗಾರರು ಹೊದೆಯುತ್ತಿದ್ದರು. ಕುರಿದೊಗಲು ಉಪ್ಪುನೀರಿಗೆ ಬಿದ್ದರೆ ಸೆಟೆದು ಬಿರುಸಾಗುತ್ತದೆ. ಉಣ್ಣೆ ನೆನೆದರೂ ಮೈ ಬೆಚ್ಚಗಿಡುತ್ತದೆ. ಜೂಲಿನ ಮಗ್ಗುಲು ಒಳಕ್ಕೆ, ಮೈಗೆ ತಾಗುವಂತೆ. ನುಣುಪಾದದ್ದು ಹೊರಕ್ಕೆ. ಅಂದರೆ ಇವತ್ತು ನಾವು ನಿಂತು ನೋಡಿ ಚೆಂದ ಅನ್ನುವ ಮಗ್ಗುಲು ಆಗ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಮೈಗಷ್ಟೇ ಗೊತ್ತಾಗುವಂಥದ್ದು. ಬರಬರುತ್ತ ಬಣ್ಣ ಬಂತು, ಚಿತ್ತಾರ ಬಂತು, ಮದುವೆಯ ಗಂಡುಹೆಣ್ಣು ಅದರ ಮೇಲೆ ನಿಂತರು. ಕೊನೆಗೆ ಅದು ಗೋಡೆ ಏರಿತು.

ಗೋಡೆ ಏರಿಸಿದ್ದರಲ್ಲಿ ರಾಜಕೀಯವೂ ಇತ್ತು. ಫಿನ್‌ಲೆಂಡ್ 1917ರವರೆಗೆ ರಷ್ಯದ ಚಕ್ರವರ್ತಿಯ ಕೈಕೆಳಗಿತ್ತು. ತಮ್ಮದು ಅಂತ ತೋರಿಸಲಿಕ್ಕೆ ಅವರಿಗೆ ಏನಾದರೂ ಬೇಕಿತ್ತು. ಚಿತ್ರಕಾರ್ತಿ ಫ್ಯಾನಿ ಚುರ್‌ಬರ್ಗ್ 1879ರಲ್ಲಿ ಫಿನ್ನಿಶ್ ಕೈಕಸುಬಿನ ಗೆಳೆಯರು ಅನ್ನುವ ಸಂಘ ಕಟ್ಟಿದರು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಆಕ್ಸೆಲಿ ಗಾಲೆನ್-ಕಾಲೆಲಾ ಬರೆದ 'ಜ್ವಾಲೆ' ಅನ್ನುವ ರ್ಯುಯುವನ್ನು ನೇಯಿಸಿದ್ದು ಈ ಸಂಘವೇ. ಗೋಡೆಯಿಂದ ಇಳಿದು, ಬೆಂಚಿನ ಮೇಲೆ ಹಾಯ್ದು, ನೆಲಕ್ಕೆ ಹರಿಯುವ ಹಾಗೆ ಅದನ್ನು ಹಾಸಿದ್ದರು. ಒಂದು ಆಳಿಸಿಕೊಂಡ ಜನ ಹೊದಿಕೆಯನ್ನು ಬಾವುಟದ ಹಾಗೆ ಹಿಡಿದರು. ಇದನ್ನು ನಾವು ಗೌರವದಿಂದಲೇ ಹೇಳುತ್ತೇವೆ.

ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮ್ಯೂಸಿಯಂನ ಚೀಟಿಗಳಲ್ಲಿ ವಿನ್ಯಾಸ ಬರೆದವರ ಹೆಸರಿತ್ತು. ಮಗ್ಗದ ಮುಂದೆ ಕೂತು ಒಂದೊಂದೇ ಗಂಟು ಹಾಕಿದ ಹೆಂಗಸರ ಹೆಸರು ನಮಗೆ ಕಾಣಲಿಲ್ಲ. ಕಾಗದದ ಮೇಲೆ ಬರೆದವನು ಕಲಾವಿದ, ಬೆರಳು ಸವೆಸಿದವಳು ಕೆಲಸದಾಕೆ. ಈ ಲೆಕ್ಕ ಎಲ್ಲ ಕಡೆಯೂ ಒಂದೇ ಅಂತ ಕಾಣುತ್ತದೆ.

ಹಾಗಂತ ಅಲ್ಲಿನ ಕಲಾವಿದೆಯರು ನೂಲಿನಿಂದ ದೂರ ಕೂತವರಲ್ಲ. ಅವರಿಂದಲೇ ನಾವು ಕಲಿತದ್ದು ಹೆಚ್ಚು. ಡೋರಾ ಯುಂಗ್ ಅಗಸೆ ನಾರಿನ ಲಿನನ್ ಬಟ್ಟೆಯಲ್ಲಿ ಬಿಳಿಯ ಮೇಲೆ ಬಿಳಿಯನ್ನೇ ನೇಯ್ದರು. ನೇರ ನಿಂತರೆ ಏನೂ ಕಾಣುವುದಿಲ್ಲ. ಸ್ವಲ್ಪ ಸರಿದು ಬೆಳಕಿಗೆ ಓರೆಯಾಗಿ ನಿಂತರೆ ಚಿತ್ರ ಏಳುತ್ತದೆ. ಆ ಹೊಳಪು ಅಗಸೆಯ ನಾರಿನದು. ಉಣ್ಣೆಗೆ ಅದು ಬರುವುದಿಲ್ಲ. ಎವಾ ಬ್ರುಮ್ಮರ್ ರ್ಯುಯುವಿನ ಜೂಲನ್ನು ಸಮವಾಗಿ ಕತ್ತರಿಸದೆ ಎತ್ತರ-ತಗ್ಗು ಬಿಟ್ಟರು. ತಗ್ಗಿನಲ್ಲಿ ನೆರಳು ಕೂತು, ಒಂದೇ ಬಣ್ಣ ಎರಡಾಯಿತು. ಇಲ್ಲಿ ಅರ್ಥವನ್ನು ಮೇಲಿಂದ ತಂದು ಅಂಟಿಸಿಲ್ಲ. ನಾರು ಏನು ಮಾಡಬಲ್ಲದೋ ಅದನ್ನು ಮಾಡಲು ಬಿಟ್ಟಿದ್ದಾರೆ.

ಯುದ್ಧದ ವರ್ಷಗಳಲ್ಲಿ, 1939ರಿಂದ ಮುಂದೆ, ಹತ್ತಿ ಬರುವ ಹಡಗು ನಿಂತವು. ಉಣ್ಣೆಗೆ ಪಡಿತರ. ಕಾಡು ಮಾತ್ರ ಇತ್ತು. ಕಾಡಿನ ಮರ ಕಾಗದವಾಯಿತು, ಕಾಗದ ಸೀಳಿ ಹೊಸೆದರೆ ನೂಲಾಯಿತು, ಆ ನೂಲಿನಿಂದ ಪರದೆ, ದುಪ್ಪಟಿ, ಚಪ್ಪಲಿಯ ಮೇಲುಭಾಗ ಕೂಡ ಆಯಿತು. ಗ್ರೇಟಾ ಸ್ಕೂಗ್‌ಸ್ಟರ್ ಬರ್ಚ್ ಮರದ ತೊಗಟೆಯನ್ನೇ ಮಗ್ಗಕ್ಕೆ ಹಾಕಿದರು. ಯುದ್ಧ ಮುಗಿದ ಮೇಲೆ ಜನ ಕಾಗದದ ಬಟ್ಟೆಯನ್ನು ಬಡತನದ ಕೆಟ್ಟ ನೆನಪು ಅಂತ ಬಿಸಾಡಿದರು. ನಾವು ಕೌದಿ ಬಿಸಾಡಿದ ಹಾಗೆ. ಆದರೆ ರಿತ್ವಾ ಪುಓತಿಲಾ ಅದನ್ನು ಬಿಡಲಿಲ್ಲ. 1987ರಲ್ಲಿ ಮಗನ ಜೊತೆ ವುಡ್‌ನೋಟ್ಸ್ ಅನ್ನುವ ಸಂಸ್ಥೆ ಕಟ್ಟಿ, ಕಾಗದದ ನೂಲಿನ ನೆಲಹಾಸುಗಳನ್ನು ಜಗತ್ತಿಗೆ ತೋರಿಸಿದರು. ಮುಟ್ಟಿದರೆ ತಣ್ಣಗೆ, ಗಟ್ಟಿ, ನೇರ. ಉಣ್ಣೆಯ ಹಾಗೆ ನಟಿಸುವುದಿಲ್ಲ. ಬಡತನದಲ್ಲಿ ಹುಟ್ಟಿದ ನೂಲು ಹೀಗೆ ತಲೆಯೆತ್ತಿ ನಿಂತದ್ದು ಸಂತೋಷವೇ. ಆದರೆ ಅದು ಉಳ್ಳವರ ಪಡಸಾಲೆಗೆ ಹೋದಮೇಲೆ, ಕಾಗದದ ದುಪ್ಪಟಿ ಹೊದ್ದು ನಡುಗಿದವರ ನೆನಪು ಅದರ ಜೊತೆ ಹೋಗುತ್ತದೆಯೇ? ಬೆಲೆ ಏರಿದ ಹಾಗೆ ನೆನಪು ಇಳಿಯುತ್ತದೆ ಅನ್ನುವ ಭಯ ನಮಗೆ.

ನೆನಪನ್ನು ಇಳಿಯಗೊಡದ ಒಬ್ಬರು ಕಾರಿನಾ ಕೈಕ್ಕೊನೆನ್. ಚಿಕ್ಕವರಿದ್ದಾಗಲೇ ಅಪ್ಪನನ್ನು ಕಳೆದುಕೊಂಡವರು. ಅವರ ಕಲೆಯ ಸಾಮಗ್ರಿ ಅಂದರೆ ಜನ ಹಾಕಿ ಬಿಟ್ಟ ಅಂಗಿ, ಕೋಟು. 2000ದಲ್ಲಿ ಹೆಲ್ಸಿಂಕಿಯ ದೊಡ್ಡ ಇಗರ್ಜಿಯ ಮೆಟ್ಟಿಲುಗಳ ಮೇಲೆ ಸುಮಾರು 3,000 ಗಂಡಸರ ಹಳೆಯ ಕೋಟುಗಳನ್ನು ಸಾಲಾಗಿ ಹಾಸಿದರು. ಆ ಕೆಲಸದ ಹೆಸರು 'ದಾರಿ'. ನಾವು ನೋಡಿದ್ದು ಅದರ ಫೋಟೋ ಮಾತ್ರ. ಆದರೂ ಆ ಮೆಟ್ಟಿಲ ಮೇಲೆ ನಿಂತಾಗ ಎದೆ ಭಾರವಾಯಿತು. ಹೊಸ ಬಟ್ಟೆ 3,000 ಗಜ ಹಾಸಿದ್ದರೆ ಅದು ಬರೀ ಅಲಂಕಾರ. ಮೊಣಕೈ ಸವೆದ ಕೋಟಿನೊಳಗೆ ಒಬ್ಬ ಮನುಷ್ಯ ಇದ್ದ ಅನ್ನುವುದೇ ಅದರ ಅರ್ಥ.

ಆಗ್ನೆಟಾ ಹೊಬಿನ್ ಅವರದು ಬೇರೆ ದಾರಿ. ಅವರು ಲೋಹದ ಸಣ್ಣ ತಂತಿಯ ನಡುವೆ ಅಭ್ರಕದ, ಅಂದರೆ ನಮ್ಮ ಹಳ್ಳಿಯವರು ಕಾಗೆಬಂಗಾರ ಅನ್ನುವ ಕಲ್ಲಿನ, ತೆಳು ಹಾಳೆ ಸೇರಿಸಿ ನೇಯುತ್ತಾರೆ. ಕಲ್ಲು ಮತ್ತು ಲೋಹ, ಎರಡೂ ಬಟ್ಟೆಯಾಗಲು ಒಪ್ಪದ ವಸ್ತುಗಳು. ಒಪ್ಪಿಸಿದಾಗ ಬೆಳಕು ಅದರೊಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತದೆ.

ಇನ್ನು ಕಾಡಿನ ಮಾತು. 2018ರ ಸ್ವಾತಂತ್ರ್ಯ ದಿನದ ಔತಣದಲ್ಲಿ ಆಗಿನ ರಾಷ್ಟ್ರಾಧ್ಯಕ್ಷರ ಹೆಂಡತಿ ಯೆನ್ನಿ ಹೌಕಿಯೊ ಬರ್ಚ್ ಮರದ ತಿರುಳಿನಿಂದ ತೆಗೆದ ಹೊಸ ನೂಲಿನ ಉಡುಪು ಉಟ್ಟರು. ಆಲ್ಟೊ ವಿಶ್ವವಿದ್ಯಾಲಯದಲ್ಲಿ ಬೆಳೆದ ಅಯಾನ್‌ಸೆಲ್ ಅನ್ನುವ ವಿಧಾನ ಅದು. ನಮ್ಮ ಕಾಡು, ನಮ್ಮ ಉಡುಪು ಅಂತ ದೇಶ ಹೆಮ್ಮೆಪಟ್ಟಿತು. ಆದರೆ ಕಾಡು ಎಲ್ಲರಿಗೂ ಒಂದೇ ಅಲ್ಲ. ಉತ್ತರದ ತುದಿಯಲ್ಲಿ ಸಾಮಿ ಜನ ಇದ್ದಾರೆ, ಆ ನೆಲದ ಮೂಲನಿವಾಸಿಗಳು. ಹಿಮಸಾರಂಗ ಮೇಯಿಸುವ ಅವರಿಗೂ ಮರ ಕಡಿಯುವವರಿಗೂ ದಶಕಗಳಿಂದ ಜಗಳ ನಡೆದಿದೆ.

ಸಾಮಿ ಹೆಂಗಸರು ಹಿಂದೆ ಲಾದ್ಯೊಗಾಹ್ಪಿರ್ ಅನ್ನುವ ಟೋಪಿ ಹಾಕುತ್ತಿದ್ದರು. ಒಳಗೆ ಮರದ ಕೊಂಬು, ಮೇಲೆ ಬಣ್ಣದ ಬಟ್ಟೆ. ಆ ಕೊಂಬಿನಲ್ಲಿ ಸೈತಾನ ಕೂತಿದ್ದಾನೆ ಅಂತ ಧರ್ಮಬೋಧಕರು ಹೇಳಿದರಂತೆ, ಟೋಪಿಗಳನ್ನು ಸುಟ್ಟರಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ತಲೆಯಿಂದ ಇಳಿದೇ ಹೋಯಿತು. ಉಳಿದದ್ದು ಮ್ಯೂಸಿಯಂಗಳ ಕಪಾಟಿನಲ್ಲಿ. ಸಾಮಿ ಕಲಾವಿದೆ ಔಟಿ ಪಿಯೆಸ್ಕಿ, ಸಂಶೋಧಕಿ ಎವಾ-ಕ್ರಿಸ್ತೀನಾ ಹಾರ್ಲಿನ್ ಇಬ್ಬರೂ ಆ ಕಪಾಟುಗಳನ್ನು ಹುಡುಕಿ ಹೋದರು. ಹಳೆಯ ಟೋಪಿಗಳನ್ನು ಅಳೆದು, ಅರಿತು, ಸಾಮಿ ಹೆಂಗಸರ ಜೊತೆ ಕೂತು ಮತ್ತೆ ಹೊಲಿದರು. 2020ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ತಂದರು. ಪಿಯೆಸ್ಕಿಯವರ ಬೇರೆ ಕೃತಿಗಳಲ್ಲಿ ಸಾಮಿ ಶಾಲಿನ ಕುಚ್ಚುಗಳು ಸಾವಿರಗಟ್ಟಲೆ ತೂಗುತ್ತವೆ. ಅವುಗಳನ್ನು ಎಷ್ಟೋ ಸಲ ಹೆಂಗಸರು ಗುಂಪಾಗಿ ಕೂತು ಕಟ್ಟುತ್ತಾರೆ. 2021ರಲ್ಲಿ ಫಿನ್‌ಲೆಂಡಿನ ರಾಷ್ಟ್ರೀಯ ಮ್ಯೂಸಿಯಂ ತನ್ನಲ್ಲಿದ್ದ 2,000ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು ಇನಾರಿಯ ಸಾಮಿ ಮ್ಯೂಸಿಯಂ ಸೀದಾಕ್ಕೆ ಹಿಂದಿರುಗಿಸಿತು.

ಇಲ್ಲಿಗೆ ಬಂದಾಗ ನಮಗೆ ನಮ್ಮದೇ ತಪ್ಪು ಹೊಳೆಯಿತು. ಅಲ್ಲಿ ಆ ಟೋಪಿಯನ್ನು ಇಳಿಸಲು ಬೋಧಕರು ಬೇಕಾದರು. ನಮ್ಮ ಮನೆಯಲ್ಲಿ ಯಾರೂ ಬರಲಿಲ್ಲ. ನಾವು ಕಲಿತ ನಾಲ್ಕಕ್ಷರವೇ ಅವ್ವನ ಕೌದಿಯನ್ನು ಗಂಟಿನಿಂದ ಹೊರಗೆ ತೆಗೆಯಿತು. ಚೆಂದ ಅಂದರೆ ಹೊಸದು, ನುಣುಪಾದದ್ದು, ಒಂದೇ ಬಣ್ಣದ್ದು ಅಂತ ನಮಗೆ ಯಾರು ಹೇಳಿಕೊಟ್ಟರು? ನಾವೂ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೇವೆಯೇ? ಮೇಷ್ಟ್ರಾದ ಗೆಳೆಯರೇ, ಚಿತ್ರ ಬರೆಯಿರಿ ಅಂತ ಮಕ್ಕಳಿಗೆ ಗುಲಾಬಿ ಹೂ ತೋರಿಸುವ ಮೊದಲು, ಒಂದು ದಿನ ಮನೆಯಲ್ಲಿ ಹೊದೆಯುವುದನ್ನು ತರಲು ಹೇಳಿ. ಯಾವ ತುಂಡು ಯಾರದು ಅಂತ ಕೇಳಿಕೊಂಡು ಬಂದು ಬರೆಯಲಿ. ನಗುವ ಹುಡುಗರು ನಗುತ್ತಾರೆ. ನಿಮ್ಮದನ್ನೂ ತಂದರೆ ನಗು ನಿಲ್ಲುತ್ತದೆ.

ಕೂಸು ಹುಟ್ಟಿ ಹನ್ನೆರಡನೆಯ ದಿನ ಅವ್ವ ಗಂಟಿನ ತಳದಿಂದ ಕೌದಿ ತೆಗೆದು ಹಾಸಿದಳು. ನಾವು ಏನೂ ಅನ್ನಲಿಲ್ಲ. ಆ ರಾತ್ರಿ ನೋಟುಬುಕ್ಕು ಹಿಡಿದು ಅವ್ವನ ಪಕ್ಕ ಕೂತು ಒಂದೊಂದೇ ತುಂಡು ಮುಟ್ಟಿ ಕೇಳಿದೆವು. ಇದು ಅಪ್ಪನ ಧೋತರ. ಇದು ನಾವು ಶಾಲೆಗೆ ಹಾಕಿಕೊಂಡ ಖಾಕಿ ಚಡ್ಡಿ. ಇದು ಅವ್ವ ಕಳೆ ಕೀಳಲು ಉಡುತ್ತಿದ್ದ ಇಳಕಲ್ ಸೀರೆಯ ಸೆರಗು. ಒಟ್ಟು ಇಪ್ಪತ್ಮೂರು ತುಂಡು. ಹತ್ತೊಂಬತ್ತಕ್ಕೆ ಹೆಸರು ಸಿಕ್ಕಿತು. ಉಳಿದ ನಾಲ್ಕು ಯಾರವು ಅಂತ ಊರಿಗೆ ಹೋದಮೇಲೆ ದೊಡ್ಡವ್ವನನ್ನು ಕೇಳಬೇಕು ಅಂದಳು ಅವ್ವ.