ಅಭಿಮಾನಿಯ ಪಟ್ಟಿ

ಬೆಂಗಳೂರು ಎಫ್‌ಸಿ ಬೆಂಗಳೂರಿನ ಫುಟ್‌ಬಾಲ್ ತಂಡವೆಂದು ಬೆಂಗಳೂರಿನವರು ನಂಬಿದ್ದಾರೆ. ನಂಬಲಿ. ಆದೋನಿಯಲ್ಲಿ ಕೂತು ನೋಡಿದರೆ ಅದು ಬಳ್ಳಾರಿ ತಂಡ. ಅದನ್ನು ಸಾಕುತ್ತಿರುವುದು ಜೆಎಸ್‌ಡಬ್ಲ್ಯು. ಜೆಎಸ್‌ಡಬ್ಲ್ಯುವಿನ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಬಳ್ಳಾರಿಯ ಆಚೆ, ತೋರಣಗಲ್ಲಿನಲ್ಲಿ. ಕ್ಲಬ್ಬಿನ ಎಳೆಯ ಹುಡುಗರು ವಸತಿ ಅಕಾಡೆಮಿಯಲ್ಲಿ ಉಂಡು ಮಲಗಿ ಆಟ ಕಲಿತದ್ದೂ ಅಲ್ಲೇ. ಇನ್ನು ಆದೋನಿಯಾದರೂ ಯಾವ ಊರು? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯದೇ ತಾಲೂಕು. ಆ ದಿನ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಕಚೇರಿಯ ಕಡತಗಳು ಕರ್ನೂಲಿನ ದಾರಿ ಹಿಡಿದವು. ಬೀಗತನ ಮಾತ್ರ ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಕಡೆಗೇ ಉಳಿಯಿತು. ಆದ್ದರಿಂದ "ಆಂಧ್ರದಾಗ ಇದ್ದು ನಿನಿಗೆ ಬೆಂಗಳೂರು ಟೀಮು ಯಾಕಪ್ಪಾ?" ಎಂದು ಯಾರಾದರೂ ಕೇಳಿದರೆ ನಾನು ಭೂಪಟ ಬಿಚ್ಚುವುದಿಲ್ಲ, ಬೀಗರ ಹೆಸರು ಹೇಳುತ್ತೇನೆ.

ಈ ಬೀಗತನದ ಮೊದಲ ವರ್ಷಗಳು ಬಹಳ ಸುಖವಾಗಿದ್ದವು. 2013ರ ಜುಲೈನಲ್ಲಿ ಹುಟ್ಟಿದ ಕ್ಲಬ್ಬು ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕೋಚ್ ಆಶ್ಲೆ ವೆಸ್ಟ್‌ವುಡ್, ಕ್ಯಾಪ್ಟನ್ ಸುನಿಲ್ ಛೇತ್ರಿ. ಮುಂದೆ ಫೆಡರೇಷನ್ ಕಪ್ ಬಂತು, 2016ರಲ್ಲಿ ಐ-ಲೀಗ್ ಮತ್ತೊಮ್ಮೆ ಬಂತು. ಹುಟ್ಟಿದ ಮಗು ತೊಟ್ಟಿಲಿಂದೆದ್ದು ಓಡತೊಡಗಿದರೆ ಮನೆಯವರಿಗೆ ಬರುವ ಸೊಕ್ಕು ನಮಗೂ ಬಂತು. ಇದರ ನಡುವೆಯೇ ಸೊಕ್ಕಿಗೆ ಮೊದಲ ಏಟು ಬಿದ್ದದ್ದು 2015ರ ಮೇ 31ರಂದು, ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ. ಐ-ಲೀಗಿನ ಕೊನೆಯ ಪಂದ್ಯ, ಗೆದ್ದರೆ ಪಟ್ಟ ನಮ್ಮದು, ಸಮವಾದರೆ ಮೋಹನ್ ಬಾಗಾನಿನದು. ಜಾನ್ ಜಾನ್ಸನ್ನನ ಗೋಲಿನಿಂದ ಮುಂದಿದ್ದೆವು. ಇನ್ನೇನು ಮುಗಿಯಿತು ಎನ್ನುವಾಗ ಬಾಗಾನಿನ ಬೆಲ್ಲೊ ರಜಾಕ್ ಕಾರ್ನರಿಗೆ ತಲೆಕೊಟ್ಟ. ಪಟ್ಟ ಕೋಲ್ಕತ್ತದ ರೈಲು ಹತ್ತಿತು.

ಅಲ್ಲಿಂದ ಮುಂದೆ ಈ ಕ್ಲಬ್ಬು ನಮಗೆ ಗೆಲುವು ಸೋಲುಗಳನ್ನು ಒಂದೇ ತಟ್ಟೆಯಲ್ಲಿ ಬಡಿಸುವುದನ್ನು ರೂಢಿ ಮಾಡಿಕೊಂಡಿತು. 2016ರ ಅಕ್ಟೋಬರಿನಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ಸೇರಿತು. ಅಷ್ಟು ದೂರ ಹೋದ ಮೊದಲ ಭಾರತೀಯ ಕ್ಲಬ್ಬು ಇದೇ. ಫೈನಲ್ಲಿನಲ್ಲಿ, ದೋಹಾದಲ್ಲಿ, ಇರಾಕಿನ ವಾಯುಪಡೆಯ ತಂಡ ಒಂದೇ ಗೋಲಿನಿಂದ ಗೆದ್ದಿತು. ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ಸೇರಿದ ಮೊದಲ ವರ್ಷ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಮೇಲಿದ್ದು, 2018ರ ಮಾರ್ಚ್ 17ರ ಫೈನಲ್ಲಿನಲ್ಲಿ ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ಸರಿಯಾಗಿ ವರ್ಷ ತುಂಬಿದ ದಿನ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ನಡೆದ ಫೈನಲ್ಲಿನಲ್ಲಿ ಗೋವಾದ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಕಾರ್ನರಿನಿಂದ ಬಂದ ಚೆಂಡನ್ನು ಒಳಗೆ ನೂಕಿ ಪಟ್ಟ ತಂದ. ಅಂದು ನಾನು ಗಲ್ಲಿಯಲ್ಲಿ ಹಾಕಿದ ಕೂಗಿಗೆ ನೆರೆಮನೆಯವರು ಹಾವು ಬಂತೆಂದು ಕೋಲು ಹಿಡಿದು ಹೊರಬಂದಿದ್ದರು.

ಆಮೇಲೆ ಕೋವಿಡ್. ಲೀಗೆಲ್ಲ ಗೋವಾದ ಖಾಲಿ ಸ್ಟೇಡಿಯಂಗಳಿಗೆ ಹೋಯಿತು. ಯಾರೂ ಇಲ್ಲದ ಕಡೆ ಕೋಚು ಬೈಯುವುದೂ ಮೊಬೈಲಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಜನ ಇಲ್ಲದ ಆಟ ಎಷ್ಟು ಸಪ್ಪೆ ಎಂಬುದು ಆಗ ಮನೆಯಲ್ಲಿ ಕೂತು ನೋಡುವವರಿಗೂ ತಿಳಿಯಿತು. 2022ರಲ್ಲಿ ಡುರಾಂಡ್ ಕಪ್ ಬಂತು. ಮರುವರ್ಷ ಐಎಸ್‌ಎಲ್ ಫೈನಲ್ಲನ್ನು ಪೆನಾಲ್ಟಿಯಲ್ಲಿ ಕಳೆದುಕೊಂಡೆವು. ಅದರ ಮರುವರ್ಷ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. 2025ರ ಏಪ್ರಿಲ್ 12ರಂದು ಮತ್ತೆ ಫೈನಲ್, ಮತ್ತೆ ಮೋಹನ್ ಬಾಗಾನ್. ಮೊದಲು ಗೋಲು ನಮ್ಮದೇ, ಹೆಚ್ಚುವರಿ ಸಮಯದಲ್ಲಿ ಸೋಲೂ ನಮ್ಮದೇ.

ಮೊಬೈಲಿನಲ್ಲಿ ಸೋಲುವುದಕ್ಕಿಂತ ಸ್ಟೇಡಿಯಂನಲ್ಲಿ ಸೋಲುವುದು ಮೇಲು ಎಂದು ಅನಿಸಿದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಮುಂಬಯಿಯಿಂದ ಬರುವ ಆ ಗಾಡಿ ರಾತ್ರಿ ಆದೋನಿಯಲ್ಲಿ ಹತ್ತಿಸಿಕೊಂಡು ಗುಂತಕಲ್ಲು, ಅನಂತಪುರ ದಾಟಿ ಬೆಳಿಗ್ಗೆ ಬೆಂಗಳೂರಿಗೆ ಬಿಡುತ್ತದೆ. ಆಟ ಶುರುವಾಗುವುದು ಸಂಜೆ. ನಡುವಿನ ಹೊತ್ತನ್ನು ಕಳೆಯುವ ವಿದ್ಯೆ ಪರ ಊರಿನ ಅಭಿಮಾನಿ ಕಲಿಯಲೇಬೇಕಾದದ್ದು. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಅಂಗಿಯ ಮೇಲೆ ನೀಲಿ ಜರ್ಸಿ ಏರಿಸಿಕೊಂಡು ಕೂತವರನ್ನು ಕಂಡರೆ, ಅವರೂ ನನ್ನ ಹಾಗೆ ಎಲ್ಲಿಂದಲೋ ಬಂದವರೇ ಎಂದು ತಿಳಿದುಕೊಳ್ಳಬಹುದು. ಬೆಂಗಳೂರಿನವರು ಆಟಕ್ಕೆ ಹತ್ತು ನಿಮಿಷ ಇರುವಾಗ ಬರುತ್ತಾರೆ, ಟ್ರಾಫಿಕ್ಕನ್ನು ಬೈಯುತ್ತ.

ಕಂಠೀರವ ಫುಟ್‌ಬಾಲಿಗೆಂದೇ ಕಟ್ಟಿದ ಸ್ಟೇಡಿಯಂ ಅಲ್ಲ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಆ ಟ್ರ್ಯಾಕ್ ಯಾರಿಗೆ ಯಾವಾಗ ಸಿಗಬೇಕೆಂದು ಅಥ್ಲೀಟುಗಳಿಗೂ ಕ್ಲಬ್ಬಿಗೂ ತಗಾದೆಯೂ ನಡೆದಿದೆ. ಅದು ಅವರ ಜಗಳ. ನಮ್ಮ ಕಷ್ಟ ಏನೆಂದರೆ ಆ ಅಗಲದ ಆಚೆ ಆಟಗಾರರ ಮುಖ ಕಾಣುವುದಿಲ್ಲ. ಯಾರು ಓಡಿದರೆಂಬುದನ್ನು ಓಡುವ ಗತ್ತಿನಿಂದಲೇ ಹೇಳಬೇಕು. ಈ ದೂರವನ್ನು ತುಂಬುವುದು ಪಶ್ಚಿಮದ ಕಡೆ ನಿಲ್ಲುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು. ಅವರು ಕೂರುವುದಿಲ್ಲ. ಡ್ರಮ್ಮು, ಹಾಡು, ಎದುರಾಳಿ ಗೋಲ್‌ಕೀಪರನಿಗೆ ಗೇಲಿ, ಎಲ್ಲ ತೊಂಬತ್ತು ನಿಮಿಷವೂ. ಹಾಡು ಬಹುಪಾಲು ಇಂಗ್ಲಿಷು, ಬೈಗುಳಕ್ಕೆ ಮಾತ್ರ ಕನ್ನಡ ಒದಗಿಬರುತ್ತದೆ. ಕೇರಳ ಬ್ಲಾಸ್ಟರ್ಸ್ ಬಂದ ದಿನ ಬೆಂಗಳೂರಿನ ಮಲಯಾಳಿಗಳೆಲ್ಲ ಹಳದಿ ಉಟ್ಟು ಬರುವುದರಿಂದ ನಮ್ಮ ಅಂಗಳದಲ್ಲಿ ನಾವೇ ಬೀಗರಾಗಿ ಕೂರಬೇಕಾಗುತ್ತದೆ. 2023ರ ಮಾರ್ಚ್ 3ರಂದು ಇದೇ ಎರಡು ತಂಡಗಳ ಪ್ಲೇಆಫಿನಲ್ಲಿ, ಗೋಡೆ ಕಟ್ಟುವ ಮೊದಲೇ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ. ಒಪ್ಪದ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದರು, ದೇಶದ ಫುಟ್‌ಬಾಲ್ ಫೆಡರೇಷನ್ ಅವರಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯಬಾರದು ಕೂಡ.

ಆಟ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ರೈಲು ಹೋಗಿರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಬಳ್ಳಾರಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಊರು ಮುಟ್ಟಿ, ಕಣ್ಣುಜ್ಜುತ್ತ ಅಂಗಡಿಗೆ ಹೋಗಬೇಕು. ನಾನು ಲೆಕ್ಕ ಬರೆಯುವುದು ಹತ್ತಿಯ ದಲಾಲಿ ಅಂಗಡಿಯಲ್ಲಿ. ದಸರೆ ದಾಟಿತೆಂದರೆ ಯಾರ್ಡಿಗೆ ಹತ್ತಿ ಬರತೊಡಗುತ್ತದೆ; ಲೀಗೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಕಾವೇರುತ್ತದೆ. ಸಾವ್ಕಾರ್ರಿಗೆ ಇದು ಸೇರುವುದಿಲ್ಲ.

"ನಿಮ್ಮ ಟೀಮು ಗೆದ್ರೆ ನಿನಿಗೇನು ಬರ್ತೈತೆ?"

"ಏನಿಲ್ರಿ."

"ಸೋತ್ರೆ?"

"ಊಟ ಸೇರಲ್ರಿ."

"ಅಂದ್ರೆ ಜಮಾ ಏನಿಲ್ಲ, ಬರೇ ಖರ್ಚೇ! ಎಂಥಾ ಯಾಪಾರಪ್ಪಾ ಇದು?"

ನಷ್ಟ ಅವರಿಗೆ ಗೊತ್ತಿಲ್ಲದ್ದಲ್ಲ. ಲಾಭದ ಆಸೆಯೇ ಇಲ್ಲದ ನಷ್ಟ ಅವರಿಗೆ ಹೊಸದು. ಆದರೆ ಅವರೂ ಹೊಳಗುಂದಿ ಕಡೆಯವರು. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳಮ್ಮ ಮಲ್ಲೇಶ್ವರರ ಕಲ್ಯಾಣವಾದ ಮೇಲೆ ಉತ್ಸವಮೂರ್ತಿಗಳಿಗಾಗಿ ಊರೂರಿನವರು ಬಡಿಗೆ ಹಿಡಿದು ಬಡಿದಾಡುತ್ತಾರಲ್ಲ, ಅದಕ್ಕೆ ತಪ್ಪದೆ ಹೋಗುವವರು. ನೆರಣಿಕಿ, ಕೊತ್ತಪೇಟೆಯವರು ಒಂದು ಪಕ್ಕ, ಸುತ್ತಲಿನ ಊರವರು ಇನ್ನೊಂದು ಪಕ್ಕ. ಪೊಲೀಸರು ವರ್ಷವರ್ಷವೂ ಬೇಡವೆನ್ನುತ್ತಾರೆ, ವರ್ಷವರ್ಷವೂ ತಲೆ ಒಡೆಯುತ್ತವೆ. "ಅಲ್ಲಿ ನಿಮಗೇನು ಬರ್ತೈತ್ರಿ?" ಎಂದೆ.

"ಅದು ದೇವ್ರದಪ್ಪಾ" ಎಂದರು, ಸ್ವಲ್ಪ ತಡೆದು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಆದ್ರೂ ನಮ್ಮೂರ ಕಡೆ ಮೂರ್ತಿ ಉಳೀಬೇಕು ಅನ್ನಾದು ಇರ್ತೈತೆ ನೋಡು" ಎಂದರು. ಅಂದಿನಿಂದ ರಜಾ ಕೇಳಿದರೆ ಗೊಣಗುತ್ತಾರೆ, ಇಲ್ಲ ಎನ್ನುವುದಿಲ್ಲ.

ಜಮಾ-ಖರ್ಚಿನ ಮಾತನ್ನು ಅವರು ಎತ್ತಿದ್ದರಿಂದ ನಾನು ಕ್ಲಬ್ಬಿನ ಲೆಕ್ಕವನ್ನೂ ಯೋಚಿಸತೊಡಗಿದೆ. ಅಲ್ಲೂ ಕಥೆ ಬೇರೆಯಲ್ಲ. ನಮ್ಮ ದೇಶದ ಫುಟ್‌ಬಾಲಿನಲ್ಲಿ ಟಿಕೆಟ್ಟಿನ ದುಡ್ಡು, ಟೀವಿಯ ದುಡ್ಡು, ಜಾಹೀರಾತಿನ ದುಡ್ಡು ಎಲ್ಲ ಕೂಡಿದರೂ ಆಟಗಾರರ ಸಂಬಳಕ್ಕೆ ಸಾಲದು. ಉಳಿದದ್ದನ್ನು ಮಾಲೀಕ ತುಂಬಬೇಕು. ಅವನಿಗೆ ಸಾಕೆನಿಸಿದ ದಿನ ಕ್ಲಬ್ಬು ಮುಗಿಯಿತು. ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಒಂದು ವರ್ಷ ಮೊದಲು ಮಹೀಂದ್ರ ಯುನೈಟೆಡ್. ಪುಣೆ ಸಿಟಿ ಮುಚ್ಚಿದ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಬಂತು, 2022ರಲ್ಲಿ ಚಾಂಪಿಯನ್ ಆಯಿತು, 2025ರಲ್ಲಿ ಮೂಟೆ ಕಟ್ಟಿಕೊಂಡು ದೆಹಲಿಗೆ ಹೋಯಿತು. ಅಲ್ಲಿನ ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ.

ನಮ್ಮ ಸರದಿಯೂ ಬಂದಂತಿತ್ತು. ಫೆಡರೇಷನ್ನಿಗೂ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ತೀರ್ಮಾನವಾಗದೆ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೈನಲ್ ಆಡಿ ನಾಲ್ಕು ತಿಂಗಳೂ ಆಗಿರಲಿಲ್ಲ. ಲೀಗು ಫೆಬ್ರವರಿಯಲ್ಲಿ, ಮೊಟಕಾಗಿ ಶುರುವಾಗುತ್ತದೆಂಬ ಘೋಷಣೆ ಬರಲು 2026ರ ಜನವರಿಯೇ ಆಯಿತು. ಆ ತಿಂಗಳುಗಳಲ್ಲಿ ನನಗೆ ಕಂಡದ್ದು ಇಷ್ಟು: ಈ ಆಟದಲ್ಲಿ ಎಲ್ಲರಿಗೂ ಹೊರಗೆ ಹೋಗುವ ಬಾಗಿಲಿದೆ. ಭೇಕೆ ಮುಂಬಯಿಗೆ ಹೋಗಿ ಮರಳಿ ಬಂದ. ಒಂದು ಕಾಲಕ್ಕೆ ನಮ್ಮಲ್ಲಿ ಆಡಿದ ಸುಭಾಶಿಶ್ ಬೋಸ್, 2025ರಲ್ಲಿ ನಮ್ಮನ್ನು ಸೋಲಿಸಿದ ಬಾಗಾನಿನ ಕ್ಯಾಪ್ಟನ್. ಕೋಚುಗಳಂತೂ ಸರಿ. ಮಾಲೀಕ ಮಾರಬಹುದು. ವರ್ಗಾವಣೆ ಇಲ್ಲದವನು ಅಭಿಮಾನಿ ಒಬ್ಬನೇ.

ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಬಾರ್ಸಿಲೋನಾದ ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ. ಅಷ್ಟು ದೊಡ್ಡ ಆಸೆ ನನಗಿಲ್ಲ. ದುಡ್ಡು ಹಾಕಿದವರು ಯಜಮಾನರಾಗಿರಲಿ. ಆದರೆ ನಮ್ಮ ಯಾರ್ಡಿನಲ್ಲಿ ಎಂಥ ಸಣ್ಣ ರೈತನಿಗೂ ಹತ್ತಿ ಮಾರಿದ ಮೇಲೆ ಒಂದು ಪಟ್ಟಿ ಕೊಡುತ್ತೇವೆ. ತೂಕ ಎಷ್ಟು, ರೇಟು ಎಷ್ಟು, ಏನೇನು ಕಡಿತ, ಕೈಗೆ ಬಂದದ್ದೆಷ್ಟು ಎಂದು ಅದರಲ್ಲಿರುತ್ತದೆ. ಓದಲು ಬಾರದವನೂ ಅದನ್ನು ಇಸಿದುಕೊಳ್ಳದೆ ಗಾಡಿ ಹತ್ತುವುದಿಲ್ಲ. ವರ್ಷದ ಕೊನೆಗೆ ಕ್ಲಬ್ಬು ಅಂಥದೊಂದು ಪಟ್ಟಿಯನ್ನು ಅಭಿಮಾನಿಗಳ ಮುಂದೆ ಇಟ್ಟರೆ ಸಾಕು: ಇಷ್ಟು ಬಂತು, ಇಷ್ಟು ಹೋಯಿತು, ಇಂಥವನಿಗೆ ಇಷ್ಟು ಕೊಟ್ಟೆವು, ಬರುವ ವರ್ಷ ಇರುತ್ತೇವೆ. ಕೊನೆಯ ಸಾಲೊಂದನ್ನು ದಪ್ಪ ಅಕ್ಷರದಲ್ಲಿ ಬರೆದರೆ ಮೇಲಿನ ಅಂಕಿಗಳಲ್ಲಿ ತುಸು ಹೆಚ್ಚುಕಡಿಮೆಯಿದ್ದರೂ ನಾನು ತಕರಾರು ಮಾಡುವುದಿಲ್ಲ.