ಕೊನೆಯ ಹೆಸರು

ಮದುವೆಯ ಮನೆಯಲ್ಲಿ ಹೋಳಿಗೆಗೆ ಬೆಲ್ಲ ಕಡಿಮೆಯಾದರೆ ನೆಂಟರು ಕ್ಷಮಿಸಿಯಾರು. ಹೇಳಿಕೆಯ ಕಾಗದ ತಪ್ಪಿತೆಂದರೆ ಮೂರು ತಲೆಮಾರು ನೆನಪಿಡುವರು. ಬಂಟ್ವಾಳದ ಆ ಮನೆಯ ಯಜಮಾನರು ಇದನ್ನು ಬಲ್ಲವರು. ಮಗಳ ಮದುವೆ ನಿಶ್ಚಯವಾದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಊರುಗಳ ಕ್ರಮದಲ್ಲಿ 118 ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟರು.

ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಲಕೋಟೆಗೆ ಅಂಟಿಸುವ ಹೆಸರಿನ ಚೀಟಿಗಳನ್ನು ಗಣಕಯಂತ್ರದಿಂದಲೇ ಅಚ್ಚು ಮಾಡಿಕೊಡುವೆನೆಂದ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ 'ಸಿ' ಭಾಷೆ ಅವನಿಗೆ ಕಾಲೇಜಿನಲ್ಲಿ ಪಾಠವಾಗಿತ್ತು. ಹೆಸರುಗಳ ನಡುವೆ ಅಲ್ಪವಿರಾಮವಿಟ್ಟು ಎಲ್ಲವನ್ನೂ ಒಂದೇ ಸಾಲಾಗಿ ಬರೆದ. ಯಂತ್ರವು ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಪಾತ್ರೆಯೊಂದರಲ್ಲಿ ತುಂಬಬೇಕು. ಅಲ್ಪವಿರಾಮ ಕಂಡೊಡನೆ ಚೀಟಿ ಅಚ್ಚುಹಾಕಿ ಮತ್ತೆ ಮೊದಲಿನಿಂದ ತುಂಬಬೇಕು. ಈ ಸುತ್ತಿಗೆ 'ಲೂಪ್' ಎಂದು ಹೆಸರು.

ಮೊದಲ ಸಲ 'ವೆಂಕಟರಮಣ'ನ ನಂತರ ಬಂದ 'ಶೀನಪ್ಪ'ನು 'ಶೀನಪ್ಪಮಣ'ನಾದ! ಹೊಸ ಹೆಸರು ಚಿಕ್ಕದಾದಲ್ಲಿ ಹಳೆಯದರ ಬಾಲ ಪಾತ್ರೆಯಲ್ಲೇ ಉಳಿದಿತ್ತು. ಪದ ಮುಗಿಯಿತೆಂದು ತಿಳಿಸಲು 'ಸಿ'ಯಲ್ಲಿ ಕೊನೆಗೊಂದು ಸೊನ್ನೆಯ ಗುರುತು ಇಡಬೇಕು. ಹುಡುಗ ಅದನ್ನಿಟ್ಟ, ಬಾಲ ಹೋಯಿತು. ಮನೆಯವರೆಲ್ಲ ನಕ್ಕರು. ಚೀಟಿಗಳನ್ನು ಯಾರೂ ಎಣಿಸಲಿಲ್ಲ. ಕಾಗದಗಳು ಅಂಚೆ ಸೇರಿದುವು.

ಮದುವೆಗೆ ಐದು ದಿನವಿರಲು ಬೆಳ್ತಂಗಡಿಯ ದೊಡ್ಡತ್ತೆ ದೂರವಾಣಿಯಲ್ಲಿ ತಮ್ಮನನ್ನು ಕೇಳಿದರು: "ಮೂಡುಬಿದಿರೆಯ ತಂಗಿಗೆ ಕಾಗದ ಬೇಡವೆಂದು ಮಾಡಿದೆಯೇನೋ?"

ಯಜಮಾನರ ಮುಖ ಬಿಳಿಚಿತು. 118ನೆಯ ಹೆಸರು ಆಕೆಯದೇ. ಗಂಡನನ್ನು ಕಳೆದುಕೊಂಡ ತನ್ನನ್ನು ಶುಭಕಾರ್ಯಕ್ಕೆ ಬೇಡವೆಂದೇ ಬಿಟ್ಟರೆಂದು ತಿಳಿದು, ಅಕ್ಕನೊಡನೆ ಮಾತ್ರ ಅತ್ತಿದ್ದರು. ತಾಯಿ ಕಾಯಿಲೆ ಬಿದ್ದ ಎರಡು ವರ್ಷ ಹುಡುಗ ಉಂಡದ್ದು, ಅಕ್ಷರ ಕಲಿತದ್ದು ಆ ಮನೆಯಲ್ಲಿಯೇ.

ಅಂದು ರಾತ್ರಿ ಅವನು ನಿದ್ರಿಸಲಿಲ್ಲ. 118 ಹೆಸರುಗಳ ನಡುವೆ ಅಲ್ಪವಿರಾಮಗಳು 117. ಕೊನೆಯ ಹೆಸರಿನ ಮುಂದೆ ಇರುವುದು ಸಾಲು ಮುಗಿಸುವ ಸೊನ್ನೆ ಮಾತ್ರ. ಅದನ್ನು ಕಂಡೊಡನೆ ಲೂಪು ನಿಂತಿತ್ತು. ಅತ್ತೆಯ ಹೆಸರು ಪಾತ್ರೆಯಲ್ಲೇ ಉಳಿದಿತ್ತು. ಬಾಲ್ಯದಲ್ಲಿ ಅತ್ತೆಯ ಕೈಹಿಡಿದು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕಂಬಗಳನ್ನು ಎಣಿಸಿದ್ದು ನೆನಪಾಯಿತು. ಒಂದು ಸಾಲಿನ ಸಂದುಗಳನ್ನು ಎಣಿಸಿದರೆ ಕಂಬ ಎಂದೂ ಒಂದು ಹೆಚ್ಚು! ಹಾಗೆಂದು ಲೂಪನ್ನು ಸುಮ್ಮನೆ ಮುಂದಕ್ಕೆ ಓಡಿಸುವಂತಿಲ್ಲ; ಸೊನ್ನೆಯಾಚೆಗೆ ಇರುವುದು ಪರರ ಅಂಗಳ. ಸೊನ್ನೆಯನ್ನೂ ಅಲ್ಪವಿರಾಮದಂತೆಯೇ ಕಂಡು, ಕೊನೆಯ ಚೀಟಿಯನ್ನು ಅಚ್ಚುಹಾಕಿ, ಅನಂತರವೇ ನಿಲ್ಲಬೇಕು. ಹಾಗೆ ತಿದ್ದಿದ. 118ನೆಯ ಚೀಟಿ ಹೊರಬಂತು.

ಬೆಳಗಾಗುತ್ತಲೇ ತಂದೆ ಮಗ ಇಬ್ಬರೂ ಬಸ್ಸು ಹತ್ತಿದರು. ಮೂಡುಬಿದಿರೆಯ ಜಗಲಿಯಲ್ಲಿ ಕುಳಿತು ಹುಡುಗ ತನ್ನ ತಪ್ಪನ್ನೆಲ್ಲ ವಿವರಿಸಿದ. ಅತ್ತೆ ಶಾಂತವಾಗಿ ಕೇಳಿದರು.

"ಲೂಪಿನ ವಿಷಯ ನನಗೆ ತಿಳಿಯದು ಮಗಾ. ಆದರೆ ಅಣ್ಣಾ, ಪುಸ್ತಕದಲ್ಲಿಯೂ ನನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಬರೆದದ್ದೇಕೆ?"

ಯಜಮಾನರಿಗೆ ಉತ್ತರ ಹೊಳೆಯಲಿಲ್ಲ. ಕಾಗದದ ಮೇಲೆ ಅಕ್ಷತೆಯಿಟ್ಟು ಎರಡೂ ಕೈಗಳಿಂದ ನೀಡಿ, "ನೀನು ಬಾರದೆ ನಾನು ಧಾರೆಗೆ ನಿಲ್ಲುವುದಿಲ್ಲ" ಎಂದರು.

ಅತ್ತೆ ಕಾಗದವನ್ನು ಕಣ್ಣಿಗೊತ್ತಿಕೊಂಡು, ಕಾಫಿಗೆ ನೀರಿಡಲು ಒಳಗೆ ಹೋದರು.